ಮೇಜಿನ ಹಿಂದೆ ಕುಳಿತವರು

ಅವರು ನಡೆಯುವಾಗ ಎಡಗಾಲನ್ನು ತುಸು ಎಳೆದು ಹಾಕುತ್ತಿದ್ದರು ಎಂದು ಮೊದಲು ಬರೆದೆ. ಅವರ ತಂಗಿಗೆ ಫೋನಿನಲ್ಲಿ ಓದಿ ಹೇಳಿದರೆ, "ಎಡಗಾಲಲ್ರಿ ಸರ್, ಬಲಗಾಲು" ಎಂದರು. ಶಾಲೆಯ ಹಳೆಯ ಜವಾನನನ್ನು ಕೇಳಿದೆ. ಆತ, "ಅಕ್ಕೋರ ಕಾಲಿಗೇನಾಗಿತ್ರಿ? ಚಲೋನ ಇದ್ದುವಲ್ಲ" ಎಂದ. ಆರು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಎದುರುಬದುರು ಕುಳಿತವರ ಕಾಲಿನ ವಿಷಯದಲ್ಲೇ ನನ್ನ ಮಾತು ನಿಲ್ಲುತ್ತಿಲ್ಲ. ಉಳಿದದ್ದನ್ನು ಯಾವ ಧೈರ್ಯದ ಮೇಲೆ ಬರೆಯಲಿ?

ಬರೆಯದೆ ಇರಲೂ ಆಗುತ್ತಿಲ್ಲ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಶಾಲೆಯವರು ನೆನಪಿನ ಪುಸ್ತಿಕೆ ತರುತ್ತಿದ್ದಾರೆ, ನನ್ನಿಂದಲೂ ಒಂದು ಪುಟ ಕೇಳಿದರು. ಒಂದು ಪುಟಕ್ಕೆ ಸಾಲುವ ಒಳ್ಳೆಯ ಮಾತುಗಳನ್ನು ಬರೆದು ಕೊಟ್ಟೆ. ಪುಟ ತುಂಬಿದ ಮೇಲೂ ಉಳಿದದ್ದು ಇದು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಶಾಲೆ ನಡೆಸುವ ಸಂಸ್ಥೆಯ ಚೇರಮನ್ನರ ಹೆಸರನ್ನೂ ಶಾಲೆಯ ಹೆಸರನ್ನೂ ಹೇಳಬೇಕಾಗುತ್ತದೆ. ಮಕ್ಕಳು ಕರೆಯುತ್ತಿದ್ದಂತೆ ಅಕ್ಕೋರು ಎನ್ನುತ್ತೇನೆ. ನಮ್ಮ ಸೀಮೆಯಲ್ಲಿ ಶಿಕ್ಷಕಿಯರನ್ನೆಲ್ಲ ಕರೆಯುವುದು ಹಾಗೆಯೇ.

ಶಾಲೆ ಇದ್ದದ್ದು ಘಟಪ್ರಭಾದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ. ಅಕ್ಕೋರು ಅಲ್ಲಿ ದೈಹಿಕ ಶಿಕ್ಷಕಿ. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಆಧಾರವಿಲ್ಲದ್ದನ್ನು ನಂಬಬಾರದು ಎಂಬ ಒಂದು ಪಾಠವನ್ನು ಚೆನ್ನಾಗಿ ಕಲಿತುಕೊಂಡು ಅದೇ ಶಾಲೆಗೆ ಸಮಾಜ ವಿಜ್ಞಾನ ಕಲಿಸಲು ಬಂದವನು. ಅವರು ಘೋಡಗೇರಿಯಿಂದ ದಿನವೂ ಸ್ಕೂಟಿಯಲ್ಲಿ ಬರುತ್ತಿದ್ದರು. ಚೂಡಿದಾರದ ಮೇಲೆ ನೀಲಿ ಟ್ರ್ಯಾಕ್‌ಸೂಟಿನ ಅಂಗಿ, ಕೊರಳಲ್ಲಿ ಸೀಟಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಬಂದ ದಿನ ಮುಖದ ತುಂಬ ಧೂಳು. ಮುಖ ತೊಳೆಯುವ ಮೊದಲು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು, ಗೋಡೆಯ ಗಡಿಯಾರ ನೋಡಿ ನಿಮಿಷ ಸಮೇತ. ಉಳಿದ ನಾವೆಲ್ಲ ಯಾವಾಗ ಬಂದರೂ ಹತ್ತು ಗಂಟೆ ಎಂದು ಬರೆಯುತ್ತಿದ್ದೆವು. ಅವರದೊಂದು ಮಾತ್ರ ಹತ್ತು ನಾಲ್ಕು, ಒಂಬತ್ತು ಐವತ್ತೆರಡು, ಹತ್ತು ಹನ್ನೊಂದು. ಹೆಡ್‌ಮಾಸ್ತರರು ಒಮ್ಮೆ ಸಿಡುಕಿದರು: "ಅಕ್ಕೋರ, ನಿಮ್ಮ ಟಾಯಮಿನಿಂದ ನಮ್ಮೆಲ್ಲಾರ ಟಾಯಮ್ ಸುಳ್ಳ ಕಾಣ್ತೈತ್ರಿ."

"ನಾ ಏನ ಮಾಡ್ಲಿರಿ ಸರ್? ಗಡಿಯಾರ ನೋಡೇನಿ, ಬರದೇನಿ."

ಕುಸ್ತಿ, ಕಬಡ್ಡಿ, ಖೊಖೊ ಬಿಟ್ಟು ಬೇರೆ ಆಟ ಗೊತ್ತಿಲ್ಲದ ಹಳ್ಳಿಯಲ್ಲಿ ಅವರು ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದರು. ಶಾಲೆಯ ಹಿಂದಿನ ಮೈದಾನದಲ್ಲಿ ಸಂಜೆ ಐದಕ್ಕೆ ಪ್ರಾಕ್ಟೀಸ್. ಕೋಲು ಮುಟ್ಟುವ ಮೊದಲು ಪ್ರತಿಯೊಬ್ಬಳೂ ಮೈದಾನದಿಂದ ಹತ್ತು ಕಲ್ಲು ಆರಿಸಿ ಕಂಪೌಂಡಿನ ಬುಡಕ್ಕೆ ಹಾಕಬೇಕು. ಮಳೆಗೊಮ್ಮೆ ಹೊಸ ಕಲ್ಲು ಏಳುವ ನೆಲ ಅದು. ವರ್ಷಗಟ್ಟಲೆ ಆರಿಸಿದರೂ ಕಲ್ಲು ಮುಗಿದಿರಲಿಲ್ಲ, ಆದರೆ ಚೆಂಡು ನೇರ ಓಡುವಷ್ಟು ನೆಲ ಸಿಕ್ಕಿತ್ತು. ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು.

"ಹತ್ತ ಆದೂರಿ ಅಕ್ಕೋರ."

"ಎಣಸು. ಒಂಬತ್ತ ಅದಾವಲ್ಲವಾ."

"ಒಂದ ದೊಡ್ಡದ ಐತ್ರಿ. ಅದನ್ನ ಎರಡ ಹಿಡೀರಿ."

"ಹಂಗಾರ ನೀನೂ ದೊಡ್ಡಾಕಿ ಅದಿ. ಎಲ್ಲಾರೂ ಎರಡ ಸುತ್ತು ಓಡಿದ್ರ ನೀ ನಾಕ ಓಡು."

ಓಡುತ್ತಿದ್ದವಳು ತಂಡದ ನಾಯಕಿ. ಆಗ ಹತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಈಗ ಗೋಕಾಕದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ನನ್ನದೇ ತರಗತಿಯಲ್ಲಿ. ಈ ಬರಹ ಒಂದು ಪುಟಕ್ಕೆ ಮುಗಿಯದೆ ಹೋದದ್ದಕ್ಕೆ ಅವಳೇ ಕಾರಣ.

ಅಕ್ಕೋರು ದೊಡ್ಡ ಆಟಗಾರ್ತಿಯಾಗಿರಲಿಲ್ಲ, ಹಾಗೆಂದು ಎಂದೂ ಹೇಳಿಕೊಳ್ಳಲೂ ಇಲ್ಲ. ಅವರ ಹಟ ಬೇರೆ ಇತ್ತು. ಹಾಕಿ ಪಂದ್ಯದಲ್ಲಿ ಮೈದಾನದ ಹೊರಗೆ, ನಡುಗೆರೆಯ ಬಳಿ, ಒಂದು ಮೇಜು ಹಾಕಿರುತ್ತಾರೆ. ಅಲ್ಲಿ ಕುಳಿತವರು ವೇಳೆ ಹಿಡಿಯಬೇಕು, ಗೋಲು ಬರೆಯಬೇಕು, ಯಾರು ಒಳಗೆ ಹೋದರು ಯಾರು ಹೊರಗೆ ಬಂದರು ನೋಡಬೇಕು. ಅಂಪೈರು ಹಸಿರು ಕಾರ್ಡು ತೋರಿಸಿದರೆ ಆ ಆಟಗಾರ್ತಿ ಎರಡು ನಿಮಿಷ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಆ ಎರಡು ನಿಮಿಷ ಎಣಿಸುವವರೂ ಇವರೇ. ಇವರನ್ನು ಜಡ್ಜ್ ಎನ್ನುತ್ತಾರೆ. ಅಕ್ಕೋರು ತಮ್ಮ ರಜೆಯಲ್ಲಿ, ತಮ್ಮ ಖರ್ಚಿನಲ್ಲಿ ಊರೂರು ತಿರುಗಿ ಪರೀಕ್ಷೆ ಬರೆದು ಈ ಕೆಲಸದಲ್ಲಿ ಒಂದೊಂದೇ ಮೆಟ್ಟಿಲು ಏರಿದ್ದರು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ತಿಳಿಯದ ಸಾಲಿಗೆ ಪೆನ್ಸಿಲಿನಿಂದ ಗೆರೆ ಹಾಕಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಬಳಿ ಬರುತ್ತಿದ್ದರು.

ಒಮ್ಮೆ ಒಂದು ಉದ್ದನೆಯ ವಾಕ್ಯ ನನಗೇ ಸರಿಯಾಗಿ ಅರ್ಥವಾಗಲಿಲ್ಲ. ವೇಳೆ ಮುಗಿದ ಮೇಲೂ ಪೆನಾಲ್ಟಿ ಕಾರ್ನರ್ ಆಡಿಸುವ ವಿಷಯ. ಎಂ.ಎ. ಓದಿದವನು ತಿಳಿಯಲಿಲ್ಲ ಎನ್ನುವುದು ಹೇಗೆ? ಏನೋ ಒಂದು ಅರ್ಥ ಕಟ್ಟಿ ಹೇಳಿದೆ. ಅವರು ತಲೆದೂಗಿ ಹೋದರು. ಮರುದಿನ ಬಂದು ಪುಸ್ತಕವನ್ನು ನನ್ನ ಮುಂದಿಟ್ಟರು.

"ಸರ್, ನಿನ್ನಿ ನೀವು ಹೇಳಿದ್ದ ತಪ್ಪೈತ್ರಿ. ಬೆಳಗಾವ್ಯಾಗ ಒಬ್ರಿಗೆ ಫೋನ್ ಹಚ್ಚಿ ಕೇಳಿದ್ನಿ."

"ಹೌದಾ? ನನಗೆ ಹಾಗೆ ಅನಿಸಿತ್ತು..."

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ ಸರ್. ನಿಮ್ಮ ಮಾತ ಅಂತ ನಾ ಹಂಗ ಬರ್ಕೊಂಡಬಿಡ್ತೇನಿ."

ಈ ಮಾತು ಹೀಗೆಯೇ ಇತ್ತೇ? "ಬರ್ಕೊಂಡಬಿಡ್ತೇನಿ" ಎಂದರೋ "ನಂಬಿಬಿಡ್ತೇನಿ" ಎಂದರೋ? ಎರಡನ್ನೂ ಬರೆದು ನೋಡಿದೆ. ಎರಡೂ ಅವರ ಬಾಯಿಗೆ ಒಪ್ಪುತ್ತವೆ. ಆಮೇಲೂ ಅವರು ಪುಸ್ತಕ ಹಿಡಿದು ನನ್ನ ಬಳಿಯೇ ಬರುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಉತ್ತರ ಭಾರತದ ಒಂದು ಊರಿನಲ್ಲಿ ಏಷ್ಯಾದ ದೇಶಗಳ ಮಹಿಳಾ ಹಾಕಿ ಪಂದ್ಯಾವಳಿ ನಡೆಯಿತು. ಆ ಮೇಜಿಗೆ ಅಕ್ಕೋರಿಗೆ ಕರೆ ಬಂತು. ಸ್ಟಾಫ್‌ರೂಮಿನಲ್ಲಿ ಪೇಢೆ ಹಂಚಿದರು. ಕೆಲವರು ತಿಂದರು, ಕೆಲವರು ಕಾಗದದಲ್ಲಿ ಸುತ್ತಿ ಮನೆಗೆ ಒಯ್ಯುತ್ತೇವೆಂದು ಮೇಜಿನ ಖಾನೆಯಲ್ಲಿಟ್ಟರು. ಎರಡು ದಿನದ ಮೇಲೆ ಜವಾನ ಆ ಕಾಗದಗಳನ್ನು ಇರುವೆ ಸಮೇತ ಗುಡಿಸಿ ತೆಗೆದ. ಅಕ್ಕೋರ ಮನೆತನ ಘೋಡಗೇರಿಯ ಯಾವ ಓಣಿಯದು, ಅವರ ಪಡಸಾಲೆಯಲ್ಲಿ ಬುದ್ಧನ ಫೋಟೊ ಯಾಕಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಚಹಾಕ್ಕೆ ಅವರು ತಮ್ಮದೇ ಸ್ಟೀಲಿನ ಲೋಟ ತಂದಿಟ್ಟುಕೊಂಡಿದ್ದರು. ಯಾಕೆ ಎಂದು ಆರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಪ್ರಶ್ನೆ ಕೇಳುವುದೇ ನನ್ನ ವಿದ್ಯೆ ಎಂದುಕೊಂಡಿದ್ದವನು ನಾನು.

ಆ ಹೊತ್ತಿಗೆ ಮೈದಾನದ ಮೇಲೆ ಚೇರಮನ್ನರ ಕಣ್ಣು ಬಿದ್ದಿತ್ತು. ರಸ್ತೆಗೆ ಹತ್ತಿದ ಜಾಗ. ಸಾಲಾಗಿ ಅಂಗಡಿ ಕಟ್ಟಿಸಿದರೆ ಸಂಸ್ಥೆಗೆ ಬಾಡಿಗೆ ಬರುತ್ತದೆ ಎಂದು ಅವರ ಲೆಕ್ಕ. ಅಕ್ಕೋರು ಎರಡು ಸಲ ಅವರ ಬಳಿ ಹೋಗಿ ಬೇಡಿಕೊಂಡಿದ್ದರು. ತಂಡದಲ್ಲಿ ಹದಿನಾಲ್ಕು ಹುಡುಗಿಯರಿದ್ದರು. ಇಬ್ಬರಾದರೂ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗುವಂತಿದ್ದರು, ಇಲ್ಲವಾದರೆ ಹತ್ತನೆಯ ಇಯತ್ತೆ ಮುಗಿಯುವುದಕ್ಕೂ ಮದುವೆಗೂ ನಡುವೆ ಅವರಿಗೆ ಬೇರೆ ದಾರಿ ಇರಲಿಲ್ಲ. ಕರೆಯ ಕಾಗದ ಬಂದ ದಿನ ಪ್ರಾರ್ಥನೆಯ ಹೊತ್ತಿಗೆ ಚೇರಮನ್ನರು ಬಂದು ಎಲ್ಲರೆದುರು ಮೈಕಿನಲ್ಲಿ ಹೇಳಿದರು: "ನಮ್ಮ ಅಕ್ಕೋರು ಇಂಟರ್‌ನ್ಯಾಷನಲ್ ಮುಗಿಸಿ ಬರ್ಲಿ. ಫೇಟಾ ಸುತ್ತಿ ಸತ್ಕಾರ ಮಾಡೂಣು. ಆ ಗ್ರೌಂಡ್ ಹುಡುಗ್ಯಾರದ ಅಂತ ಅವತ್ತ ಇದ ಮೈಕಿನ್ಯಾಗ ಹೇಳ್ತೇನಿ." ಮಕ್ಕಳು ಚಪ್ಪಾಳೆ ಹೊಡೆದರು. ಅಕ್ಕೋರು ಚಪ್ಪಾಳೆ ಹೊಡೆಯಲಿಲ್ಲ, ಆ ಮಾತನ್ನು ಅಲ್ಲಿಯೇ ನಿಂತು ಬರೆದುಕೊಂಡರು.

ಪಂದ್ಯ ಟಿ.ವಿ.ಯಲ್ಲಿ ಬರುತ್ತದೆ ಎಂದು ಗೊತ್ತಾದಾಗ ಶಾಲೆಯ ಸಭಾಂಗಣದಲ್ಲಿ ಪರದೆ ಕಟ್ಟಿದೆವು. ಸಂಜೆಯ ಹೊತ್ತು. ಮಕ್ಕಳು ನೆಲದ ಮೇಲೆ, ಹಿಂದೆ ಕುರ್ಚಿಗಳಲ್ಲಿ ನಾವು, ನಮ್ಮ ನಡುವೆ ಚೇರಮನ್ನರು. ಭಾರತದ ಹುಡುಗಿಯರು ಆಡುತ್ತಿದ್ದರು. ಎದುರಾಳಿ ಥಾಯ್ಲೆಂಡೋ ಮಲೇಷ್ಯಾವೋ, ಈಗ ನೆನಪಾಗುತ್ತಿಲ್ಲ. ಆದರೆ ಅಲ್ಲಿ ಯಾರೂ ಆಟ ನೋಡುತ್ತಿರಲಿಲ್ಲ. ಪರದೆಯ ಮೇಲಂಚಿನಲ್ಲಿ, ಗೆರೆಯಾಚೆ, ಒಂದು ಬಿಳಿ ಚಪ್ಪರದ ಕೆಳಗೆ ಮೇಜು ಕಾಣುತ್ತಿತ್ತು. ಆಟ ನಡುಗೆರೆಯ ಬಳಿ ಇದ್ದಾಗ ಮಾತ್ರ ಕಾಣುತ್ತಿತ್ತು. ಚೆಂಡು ಗೋಲಿನ ಕಡೆ ಹೋದೊಡನೆ ಕ್ಯಾಮೆರಾವೂ ಹೋಗುತ್ತಿತ್ತು, ಮೇಜು ಮಾಯ.

"ಏ, ಆ ಕಡಿ ಯಾಕ ಓಡ್ತಾರೋ ಇವರು!"

"ನಡುವ ತಗೊಂಡ ಬರ್ರೇ! ನಡುವ!"

ನಮ್ಮ ದೇಶದ ತಂಡ ಗೋಲು ಹೊಡೆದಾಗ ಸಭಾಂಗಣದಲ್ಲಿ ಒಬ್ಬರೂ ಕೂಗಲಿಲ್ಲ. ಒಬ್ಬಳು ಮಾತ್ರ ಬೇಸರದಿಂದ, "ಹೊಡದ್ರಲ್ಲ, ಇನ್ನರ ನಡುವ ಬರ್ತಾರ" ಎಂದಳು. ಇದನ್ನು ನಾನು ಹಲವರಿಗೆ ಹೇಳಿ ನಗಿಸಿದ್ದೇನೆ. ಹೇಳಿ ಹೇಳಿ ಈ ಮಾತು ಇಷ್ಟು ನಯವಾಗಿರಬಹುದು.

ಆಮೇಲೆ ಎದುರಾಳಿ ತಂಡದ ಒಬ್ಬಳಿಗೆ ಹಸಿರು ಕಾರ್ಡು ಬಂತು. ಕ್ಯಾಮೆರಾ ಅವಳ ಹಿಂದೆ ಹೊರಟಿತು. ಅವಳು ಓಡುತ್ತ ಮೇಜಿನ ಬಳಿ ಬಂದಳು. ಮೇಜಿನ ಹಿಂದಿದ್ದ ಹೆಂಗಸೊಬ್ಬರು ಎದ್ದು, ಎರಡು ಬೆರಳು ಎತ್ತಿ, ಕುರ್ಚಿಯ ಕಡೆ ಕೈ ತೋರಿಸಿದರು. ಮೂರು ಸೆಕೆಂಡು. ನೀಲಿ ಕೋಟು, ಅಗಲ ಟೊಪ್ಪಿಗೆ, ಕಣ್ಣಿಗೆ ಕನ್ನಡಕ.

"ಅಕ್ಕೋರು!" ಎಂದು ನೆಲದ ಮೇಲಿದ್ದವರೆಲ್ಲ ಎದ್ದು ನಿಂತರು.

"ಅಕ್ಕೋರ ಎಲ್ಲಿ ಚಸ್ಮಾ ಹಾಕ್ತಾರ?" ಎಂದು ಹಿಂದಿನಿಂದ ಯಾರೋ ಎಂದರು.

ನಿಜ, ಅವರು ಕನ್ನಡಕ ಹಾಕಿದ್ದನ್ನು ನಾವು ನೋಡಿರಲಿಲ್ಲ. ಹೊರಡುವ ವಾರ ಗೋಕಾಕಕ್ಕೆ ಹೋಗಿ ಹೊಸದಾಗಿ ಮಾಡಿಸಿಕೊಂಡಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ. ಗದ್ದಲವಾಯಿತು. ಹೌದು, ಅಲ್ಲ, ಹೌದು. ಚೇರಮನ್ನರು ನನ್ನ ಕಡೆ ತಿರುಗಿ ಏನೋ ಕೇಳಿದರು. ನಾನು, "ಖಚಿತವಾಗಿ ಹೇಳಲು ಬರುವುದಿಲ್ಲ" ಎಂದೆ.

ಹಾಗೆಂದೆ ಎಂದು ನಾಲ್ಕು ವರ್ಷ ನೆನಪಿಟ್ಟುಕೊಂಡಿದ್ದೆ. ಇತಿಹಾಸ ಓದಿದವನು ಆಡಬಹುದಾದ ಮಾತು. ಅಷ್ಟು ಮಾತ್ರದಿಂದಲೇ ಕೆಟ್ಟದ್ದಾಯಿತು ಎಂಬ ನೋವೂ ಇತ್ತು. ಒಂದು ವಾರದಲ್ಲಿ ಊರೆಲ್ಲ ಮಾತು ಹಬ್ಬಿತ್ತು: ಅಕ್ಕೋರು ಹೋಗಿಯೇ ಇಲ್ಲ, ಹೋಗಿದ್ದರೂ ಪ್ರೇಕ್ಷಕರಲ್ಲಿ ಕುಳಿತು ಬಂದಿದ್ದಾರೆ, ಟಿ.ವಿ.ಯಲ್ಲಿ ಕಂಡದ್ದು ಬೇರೆ ಯಾರೋ. ನಮ್ಮ ಹೆಡ್‌ಮಾಸ್ತರರು ತಮ್ಮ ಹರೆಯದಲ್ಲಿ ಕೊಲ್ಹಾಪುರದ ಕುಸ್ತಿಯಲ್ಲಿ ಹೆಸರಾದ ಪೈಲ್ವಾನನನ್ನು ಚಿತ್ ಮಾಡಿದ್ದರಂತೆ. ವರ್ಷಕ್ಕೆರಡು ಸಲ ಅದನ್ನು ಕೇಳುತ್ತಿದ್ದೆವು. ಅದಕ್ಕೆ ಆಧಾರ ಏನೆಂದು ನಾನು ಯೋಚಿಸಿದ್ದೂ ಇಲ್ಲ.

ಅಕ್ಕೋರು ಸೋಮವಾರ ಬಂದರು. ಒಂಬತ್ತು ಐವತ್ತೇಳು ಎಂದು ಬರೆದು ಸಹಿ ಹಾಕಿದರು. ಫೇಟಾದ ಸುದ್ದಿ ಇಲ್ಲ. ಸತ್ಕಾರ ಪರೀಕ್ಷೆ ಮುಗಿದ ಮೇಲೆ ಎಂದು ಚೇರಮನ್ನರು ಹೇಳಿಕಳಿಸಿದ್ದರು. ಮಧ್ಯಾಹ್ನ ನಾವೇ ಎರಡು ಮಾತು ಕೇಳಿದೆವು, ಸುಮ್ಮನಿರಲಾಗದೆ. ಹೋಟೆಲು ಹೇಗಿತ್ತು, ವಿಮಾನದಲ್ಲಿ ಹೋದಿರಾ, ಯಾರು ಗೆದ್ದರು. ಎಲ್ಲಕ್ಕೂ ಒಂದೊಂದೇ ಮಾತಿನ ಉತ್ತರ. ಹಸಿರು ಹಾಸಿನ ಮೈದಾನದ ಬಗ್ಗೆ ಮಾತ್ರ, "ಹುಡುಕಿದ್ರೂ ಒಂದ ಕಲ್ಲಿಲ್ರಿ ಸರ್. ಆಟಕ್ಕ ಮೊದಲ ಅದಕ್ಕ ನೀರ ಹೊಡೀತಾರ, ನಾವು ಕಬ್ಬಿಗೆ ಹೊಡದಂಗ" ಎಂದರು. ಆಮೇಲೆ ಯಾರೂ ಕೇಳದೆಯೇ ಒಂದು ಸಂಗತಿ ಹೇಳಿದರು.

"ಒಬ್ಬ ಹುಡುಗಿಗೆ ಗ್ರೀನ್ ಕಾರ್ಡ್ ಬಂತ್ರಿ. ನನ್ನ ಬಾಜೂದಾಗ ಕುರ್ಚಿಗೆ ಕುಂತ್ಲು. ಸಣ್ಣಾಕಿ, ನಮ್ಮ ಹುಡುಗ್ಯಾರಷ್ಟ ಇದ್ಲು. ಅಕಿ ಹೊರಗ ಕುಂತಾಗ ಅವರ ಮ್ಯಾಲೆ ಗೋಲ್ ಆತು. ಅಳಾಕ ಹತ್ತಿದ್ಲ ನೋಡ್ರಿ, ಸಪ್ಪಳಿಲ್ಲ, ಬರೇ ನೀರು. ನಾ ಮಾತಾಡೂವಂಗಿಲ್ಲ. ಮಾತಾಡಿದ್ರೂ ಅಕಿ ಭಾಷಾ ನನಗ ಬರಂಗಿಲ್ಲ. ನಲವತ್ತ ಸೆಕೆಂಡ ಉಳದಿತ್ತು. ಗಡಿಯಾರ ನೋಡ್ಕೋತ, ಇನ್ನ ಸ್ವಲ್ಪ ತಡಿಯವ್ವಾ, ಮೂವತ್ತೈತಿ, ಇಪ್ಪತ್ತೈತಿ ಅಂತ ನಮ್ಮ ಮಾತಿನ್ಯಾಗ ಅಂದ್ನಿ. ತಿಳೀತೋ ಇಲ್ಲೋ. ಎದ್ದ ಓಡೂ ಮುಂದ ನನ್ನ ಕಡಿ ನೋಡಿ ಹಿಂಗ ತಲಿ ಹಾಕಿದ್ಲು."

ಏಷ್ಯಾದ ದೇಶಗಳೆಲ್ಲ ಆಡಿದ ಪಂದ್ಯಾವಳಿಯಿಂದ ಅವರು ತಂದದ್ದು ಈ ಒಂದು ಕಥೆ. ಎರಡು ಬೇರೆ ಬೇರೆ ಮೂಲಗಳು ಒಂದೇ ಸಂಗತಿಯನ್ನು ಹೇಳಿದರೆ ಅದನ್ನು ನಂಬಬಹುದು ಎಂದು ನಾನೇ ಮಕ್ಕಳಿಗೆ ಕಲಿಸಿದವನು. ಹಸಿರು ಕಾರ್ಡಿನ ಹುಡುಗಿಯನ್ನು ನಾವೆಲ್ಲ ಪರದೆಯ ಮೇಲೆ ನೋಡಿದ್ದೆವು. ಆದರೂ ನನಗೆ ಆಗ ಬಂದ ಯೋಚನೆ ಬೇರೆ: ಇದನ್ನು ಟಿ.ವಿ. ನೋಡಿಯೂ ಹೇಳಬಹುದಲ್ಲ. ಅವರ ಕಾಲು ಎಡವೋ ಬಲವೋ ಮರೆತಿರುವ ನನಗೆ ಈ ಯೋಚನೆ ಬಂದ ಕ್ಷಣ, ನನ್ನ ಕೈಯಲ್ಲಿದ್ದ ಚಹಾದ ಕಪ್ಪು, ಅದರ ಅಂಚಿನ ಸೀಳು ಎಲ್ಲ ನೆನಪಿದೆ.

ಹದಿನೈದು ದಿನದಲ್ಲಿ ಮೈದಾನದಲ್ಲಿ ಅಂಗಡಿ ಕಟ್ಟಲು ಜಲ್ಲಿಕಲ್ಲಿನ ಕಡಿ, ಉಸುಕು ಇಳಿಯಿತು. ಹಿಂದೆಯೇ ಪಾಯ ತೋಡಿದರು. ಹುಡುಗಿಯರು ಆರಿಸಿ ಹಾಕಿದ್ದ ಕಲ್ಲೆಲ್ಲ ಪಾಯಕ್ಕೆ ಹೋಯಿತು. ಆಮೇಲೆ ನಾನು, ಮನಸ್ಸು ನಿಲ್ಲದೆ, ಕಂಪ್ಯೂಟರಿನಲ್ಲಿ ಪಂದ್ಯಾವಳಿಯ ಕಾಗದಗಳನ್ನು ಹುಡುಕಿದೆ. ಅರ್ಧ ಗಂಟೆಯೂ ಬೇಕಾಗಲಿಲ್ಲ. ಆ ಪಂದ್ಯದ ವಿವರದ ಕೆಳಗೆ ಅಧಿಕಾರಿಗಳ ಪಟ್ಟಿ, ಅದರಲ್ಲಿ ಅವರ ಹೆಸರು, ಹೆಸರಿನ ಮುಂದೆ ನಮ್ಮ ದೇಶ. ಸ್ಟಾಫ್‌ರೂಮಿಗೆ ಬಂದು ಹೇಳಿದೆ. "ಹೌದೇನ್ರಿ? ಇನ್ನೇನ ಮಾಡೂದೈತಿ, ಪಾಯಾ ತೋಡ್ಯಾರಲ್ಲ" ಎಂದರು ಹೆಡ್‌ಮಾಸ್ತರರು. ಅಕ್ಕೋರು ಆಗ ಅಲ್ಲಿರಲಿಲ್ಲ. ಅವರಿಗೆ ನಾನು ಹೇಳಲಿಲ್ಲ. ಹೇಳುವುದಾದರೂ ಏನು, ನಿಮ್ಮ ಮಾತನ್ನು ಪರೀಕ್ಷಿಸಿ ನೋಡಿದೆ, ನಿಜ ಇದೆ ಎಂದೇ?

ಹುಡುಗಿಯರನ್ನು ಕರೆದುಕೊಂಡು ಅವರು ಹೊಳೆಯ ದಂಡೆಗೆ ಹೋಗತೊಡಗಿದರು. ಒಂದು ಬೇಸಿಗೆ ಧುಪದಾಳದ ಬಳಿ ಯಾರದೋ ಬೀಳು ಹೊಲ ಸಿಕ್ಕಿತ್ತು. ಅಷ್ಟು ದೂರ ಕಳಿಸಲು ಮನೆಯವರು ಒಪ್ಪಲಿಲ್ಲ. ಹದಿನಾಲ್ಕು ಹುಡುಗಿಯರು ಒಂಬತ್ತಾದರು, ಆಮೇಲೆ ಐದಾದರು. ಹಾಸ್ಟೆಲಿಗೆ ಹೋಗಬೇಕಾಗಿದ್ದ ಇಬ್ಬರಲ್ಲಿ ಒಬ್ಬಳ ಮದುವೆಯ ಊಟಕ್ಕೆ ನಾನೂ ಹೋಗಿದ್ದೆ. ಬಡಿಸುತ್ತ ಬಂದವಳು, "ಸರ್, ಇನ್ನೊಂದ ಹೋಳಿಗಿ ಹಾಕ್ಲಿರಿ?" ಎಂದಳು. ಅದು ನಾಯಕಿ. ಅವಳು ಮಾತ್ರ ಆಟ ಬಿಡಲಿಲ್ಲ.

ಎರಡು ವರ್ಷದ ಮೇಲೆ ನನಗೆ ಗೋಕಾಕದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬಿಡುವ ದಿನ ಸೈಕಲ್ ಸ್ಟ್ಯಾಂಡಿನ ಹತ್ತಿರ ಅಕ್ಕೋರು ಸಿಕ್ಕರು. ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿದೆ.

"ಅವತ್ತು ನೀವು ಯಾರಿಗೂ ಒಂದು ಕಾಗದವನ್ನೂ ತೋರಿಸಲಿಲ್ಲ. ಯಾಕೆ?"

"ಯಾರ ಕೇಳಿದ್ರಿ ಸರ್?" ಎಂದರು. ಸ್ಕೂಟಿಯ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ನಿಮಗೇನರ ಸಂಶೆ ಇತ್ತೇನ್ರಿ?"

"ಛೆ, ಇಲ್ಲಪ್ಪ. ನನಗೇನಿಲ್ಲ."

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಆತು ಬಿಡ್ರಿ. ಹೊಸಾ ಕೆಲಸಾ, ಚಲೋತಂಗ ಮಾಡ್ರಿ" ಎಂದು ಗಾಡಿ ಚಾಲೂ ಮಾಡಿದರು.

ಆಮೇಲೆ ಒಂದೆರಡು ಸಲ ಫೋನು, ಅಷ್ಟೆ. ಕಾಯಿಲೆಯ ಸುದ್ದಿ ಕೇಳಿ ನೋಡಲು ಹೋಗಬೇಕೆಂದುಕೊಳ್ಳುವಷ್ಟರಲ್ಲಿ ತೀರಿಕೊಂಡ ಸುದ್ದಿ ಬಂತು. ಘೋಡಗೇರಿಗೆ ಹೋದೆ. ಪಡಸಾಲೆಯಲ್ಲಿ ಮೇಣದಬತ್ತಿ ಹಚ್ಚಿದ್ದರು, ಬಿಳಿ ಸೀರೆಯ ಹೆಂಗಸರು ಕುಳಿತಿದ್ದರು. ಅವರ ತಂಗಿ ಚಹಾ ತಂದುಕೊಟ್ಟು, ಕುಡಿಯುತ್ತೇನೋ ಇಲ್ಲವೋ ಎಂದು ನೋಡುತ್ತ ನಿಂತರು. ಕುಡಿದೆ. ಆ ದಿನದಿಂದಲೇ ಈ ಚಡಪಡಿಕೆ ಹಿಡಿದದ್ದು. ಸಭಾಂಗಣದಲ್ಲಿ ಅವತ್ತು ನಾನು ಆಡಿದ ಮಾತು ಎಷ್ಟು ಕೆಡಿಸಿತು ಎಂದು ತಿಳಿಯಬೇಕಿತ್ತು. ಬೈಕು ಹತ್ತಿ ಮೂಡಲಗಿಗೆ ಹೋಗಿ, ಅಲ್ಲಿರುವ ನಮ್ಮ ಶಾಲೆಯ ಕನ್ನಡದ ಮಾಸ್ತರರನ್ನು ಕೇಳಿದರೆ, "ನೀವು ಅವತ್ತ ಇರ್ಲೇ ಇಲ್ಲಲ್ರಿ, ಗೋಕಾಕಕ್ಕ ಹೋಗಿದ್ರಿ" ಎಂದರು. ಜವಾನ, "ನೀವ ಇವರಲ್ಲ ಅಂದ್ರಿ, ಗಟ್ಟಿಯಾಗಿ ಅಂದ್ರಿ" ಎಂದ. ಅವನೇ ಕಾಲಿನ ವಿಷಯದಲ್ಲೂ ತಪ್ಪು ಹೇಳಿದ್ದ, ಅಥವಾ ಸರಿ ಹೇಳಿದ್ದ.

ಉಳಿದವಳು ನಾಯಕಿ. ಹೋದ ವಾರ ತರಗತಿ ಮುಗಿದ ಮೇಲೆ ವರಾಂಡದಲ್ಲಿ ಅವಳನ್ನು ನಿಲ್ಲಿಸಿ ಕೇಳಿದೆ. ನಾನು ಖಚಿತವಾಗಿ ಹೇಳಲು ಬರುವುದಿಲ್ಲ ಎಂದದ್ದು ನಿನಗೆ ನೆನಪಿದೆಯೇ ಎಂದು.

ಅವಳು ಕೈಯಲ್ಲಿದ್ದ ಪುಸ್ತಕವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಖರೆ ಹೇಳ್ಲಿರಿ ಸರ್?"

"ಹೇಳು."

"ನೀವ ಹಂಗೇನೂ ಅನ್ನಲಿಲ್ರಿ. ಚೇರಮನ್ರು ನಿಮ್ಮ ಕಡಿ ಹೊಳ್ಳಿ, ಏನ್ರಿ ಸರ್, ಹುಡುಗ್ಯಾರು ಇವರ ನಮ್ಮ ಅಕ್ಕೋರಂತಾರ, ನೀವೇನಂತೀರಿ ಅಂದ್ರು. ನೀವ ನಕ್ಕ್ರಿ."

"ಅಷ್ಟೆಯೇ?"

"ಅಷ್ಟರಿ. ನೀವ ನಕ್ಕ ಮ್ಯಾಲೆ ಅವರು ನಕ್ಕ್ರು. ಆ ಮ್ಯಾಲೆ ಹಿಂದ ಕುಂತವ್ರೆಲ್ಲಾ ನಕ್ಕ್ರು."

ಎಂಥ ನಗು ಎಂದು ಕೇಳಿದೆ. ಗೊತ್ತಿಲ್ಲ ಎನ್ನುವ ನಗು ಇರಬಹುದು, ಹೌದೋ ಅಲ್ಲವೋ ಎಂದು ತೇಲಿಸುವ ನಗು ಇರಬಹುದು.

"ಅದೆಲ್ಲಾ ನನಗ ಗೊತ್ತಿಲ್ರಿ. ನಾ ಮುಂದ ನೆಲದ ಮ್ಯಾಲೆ ಇದ್ನಿ. ಹೊಳ್ಳಿ ನೋಡಿದ್ನಿ, ನೀವ ನಗಾಕತ್ತಿದ್ರಿ."

ಅವಳು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತು, ನನ್ನನ್ನು ನೋಡದೆ ಮಾತಾಡಿದಳು.

"ಅಕ್ಕೋರು ಊರಿಂದ ಬಂದ ದಿನಾ ನನ್ನ ಕರದು ಕೇಳಿದ್ರು ಸರ್. ಟಿವಿ ನೋಡಾಗ ಸರ್ ಏನಂದ್ರು ಅಂತ. ಬ್ಯಾರೆ ಯಾರ್ದೂ ಕೇಳಲಿಲ್ಲ, ನಿಮ್ದ ಕೇಳಿದ್ರು. ನನಗ ಹೇಳಾಕ ಬಾಯಿ ಬರಲಿಲ್ಲ. ಸರ್ ಗುರ್ತ ಹಿಡದ್ರು, ಇವರ ನಮ್ಮ ಅಕ್ಕೋರು ಅಂದ್ರು ಅಂತ ಹೇಳಿಬಿಟ್ನಿ. ಅವರಿಗೆ ಸುಳ್ಳ ಹೇಳಿದ್ದ ಅದೊಂದ ಸಲ."

ಪುಸ್ತಕವನ್ನು ಎದೆಗೆ ಅವಚಿಕೊಂಡು ಅವಳೇ ಮಾತು ಮುಂದುವರಿಸಿದಳು.

"ಗ್ರೌಂಡಿನ್ಯಾಗ ಕಡಿ ಇಳಿಸಿದ ದಿನಾ ಅವರು ಚೇರಮನ್ರ ಕಡೆ ಹೊಂಟ್ರು. ಮೈಕಿನ್ಯಾಗ ಕೊಟ್ಟ ಮಾತ ಕೇಳಾಕ. ನಾನೂ ಜೋಡಿ ಇದ್ನಿ. ಆ ಮ್ಯಾಚಿನ್ಯಾಗ ಕೊಳ್ಳಾಗ ಹಾಕ್ಕೊಳ್ಳಾಕ ಕೊಟ್ಟಿದ್ರಲ್ಲರಿ, ಫೋಟೋ ಇರೂ ಕಾರ್ಡು, ಅದು ಅವರ ಖಾನ್ಯಾಗ ಇತ್ತು. ಅಕ್ಕೋರ, ಇದನ್ನ ತಗೊಂಡ ಹೋಗೂಣ್ರಿ ಅಂದ್ನಿ. ಅದ್ಯಾಕವಾ, ಸರ್ ಹೇಳ್ಯಾರಲ್ಲ, ಓದಿದವ್ರ ಮಾತು ಸಾಕು ಅಂದ್ರು. ಅಲ್ಲೇ ಇಟ್ಟ ಬಂದ್ರು."

"ಆಮೇಲೆ?"

"ನಾ ಬಾಗಲದಾಗ ನಿಂತಿದ್ನಿ. ನಮ್ಮ ಸರ್ ಗುರ್ತ ಹಿಡದಾರ್ರಿ, ಬೇಕಾದ್ರ ಅವರ್ನ ಕೇಳ್ರಿ ಅಂದ್ರು ಅಕ್ಕೋರು. ಚೇರಮನ್ರು, ಯಾವ ಸರ್? ಎಲ್ಲಾರಕಿಂತ ಮೊದಲ ನಕ್ಕವ್ರ ಅವರು ಅಂದ್ರು."

"ಅದಕ್ಕೆ ಅಕ್ಕೋರು ಏನೆಂದರು?"

"ಹೊರಗ ಬಂದು ಚಪ್ಲಿ ಹಾಕ್ಕೊಂಡ್ರು. ನಾ ಅಳಾಕತ್ತಿದ್ನಿ. ನನ್ನ ಬಡೀತಾರ ಅಂತ ಮಾಡಿದ್ನಿ. ಯಾಕ ಸುಳ್ಳ ಹೇಳ್ದಿ ಅಂತನೂ ಕೇಳಲಿಲ್ಲ. ಕಣ್ಣ ಒರಸ್ಕೊ, ಐದ ಆಗಾಕ ಬಂತು, ಹುಡುಗ್ಯಾರು ಕಾಯಾಕತ್ತಿರ್ತಾರ, ನಡಿ ಅಂದ್ರು."